ಕಂಬಳಿಯಡಿ ಎಚ್ಚರವಾಗಿದ್ದ ಎಲೆಗಳು

ನೋಡುವುದಕ್ಕೆ ಹಳದಿ ಎಂದರೆ ಹಳದಿ, ಮೈತುಂಬ ಬಿಳಿ ಪಟ್ಟೆ. ಹಿಡಿದರೆ ಅಂಗೈ ತುಂಬುತ್ತದೆ. ಹೆಚ್ಚಿ ಬಾಯಿಗಿಟ್ಟರೆ ಮಾತ್ರ ಸಪ್ಪೆ, ಬರೀ ನೀರು. ಹೋದ ವರ್ಷ ನಮ್ಮ ಹಾನ್‌ಗೊಲ್ ಊರಿನ ಎಷ್ಟೋ ಮನೆಗಳಲ್ಲಿ ಚಾಮ್ವೆ ಎಂಬ ಪುಟ್ಟ ಕರಬೂಜದ ಹಣ್ಣಿನ ಗತಿ ಇದೇ ಆಗಿತ್ತು. ಚಾಮ್ವೆ ಬಿಟ್ಟರೆ ಬೇರೆ ಬೆಳೆ ಗೊತ್ತಿಲ್ಲದ ಊರು ನಮ್ಮದು. ಒಬ್ಬರು ಗೊಬ್ಬರವನ್ನು ಬೈದರು, ಒಬ್ಬರು ಬೀಜವನ್ನು ಬೈದರು, ಯಾರೂ ಸಿಗದಿದ್ದಾಗ ನನ್ನನ್ನು ಬೈದರು.

ನಾನು ಮಾಲ್ಜಾ, ಈ ಊರಿನ ಮುಖ್ಯಸ್ಥೆ. ಬೆಳಿಗ್ಗೆ ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಕರ್ಕಶವಾಗಿ ಕೂಗುತ್ತದಲ್ಲ, ಆ ಗಂಟಲು ನನ್ನದೇ. ಲಸಿಕೆ ಹಾಕುವ ದಿನ, ನಲ್ಲಿ ನೀರು ನಿಲ್ಲುವ ದಿನ, ಯಾರದೋ ನಾಯಿ ತಪ್ಪಿಸಿಕೊಂಡದ್ದು, ಎಲ್ಲವನ್ನೂ ಹೇಳುವುದು ನಾನು. ಇವತ್ತು ಹೇಳುವುದು ಎಲೆಯ ಸಂಗತಿ. ಸ್ವಲ್ಪ ಉದ್ದವಿದೆ. ಒಂದು ಲೋಟ ಬಾರ್ಲಿ ನೀರು ಬಗ್ಗಿಸಿಕೊಂಡು ಕೂತು ಕೇಳಿ.

ನಮ್ಮ ಪಕ್ಕದ ಮನೆ ದೊಕ್ಸಿಮಕ್ಕನದು. ಎಪ್ಪತ್ತನಾಲ್ಕು ವರ್ಷ. ಬೆನ್ನು ಬಾಗಿದೆ, ನಾಲಿಗೆ ಇನ್ನೂ ನೆಟ್ಟಗಿದೆ. ಹೊಳೆಯ ದಿಕ್ಕಿಗೆ ಅವಳ ನಾಲ್ಕು ಪ್ಲಾಸ್ಟಿಕ್ ಮನೆಗಳಿವೆ, ಅಂದರೆ ಕಮಾನಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆಗಳು, ಅವುಗಳೊಳಗೆ ಚಾಮ್ವೆ ಬಳ್ಳಿ. ಮಗ ದೂರದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ, ಭಾನುವಾರ ಬಂದು ಹೋಗುತ್ತಾನೆ. ಉಳಿದ ಆರು ದಿನ ಆ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಸೊಸೆ ಥಾಮ್ ವಿಯೆಟ್ನಾಮಿನವಳು. ಬಂದು ಒಂಬತ್ತು ವರ್ಷವಾಯಿತು. ನಮ್ಮ ಭಾಷೆಯಲ್ಲಿ ಜಗಳ ಆಡುವಷ್ಟು ಕಲಿತಿದ್ದಾಳೆ, ಆಡುವುದಿಲ್ಲ ಅಷ್ಟೇ.

ಫೆಬ್ರವರಿಯ ಒಂದು ಸಂಜೆ ದೊಕ್ಸಿಮಕ್ಕ ನಮ್ಮ ಮನೆಗೆ ಬಂದು, ಬೆಚ್ಚಗಿನ ನೆಲದ ಮೇಲೆ ಕಾಲು ಚಾಚಿ ಕೂತಳು.

"ಮಾಲ್ಜಾ, ಥಾಮ್ ಅವರಮ್ಮ ಬರ್ತಾಳಂತೆ ಕಣೇ. ಏಪ್ರಿಲ್ ಮೊದಲನೇ ವಾರ."

"ಒಳ್ಳೇದಾಯ್ತಲ್ಲ! ಒಂಬತ್ತು ವರ್ಷದಲ್ಲಿ ಮೊದಲನೇ ಸಲ."

"ಅದೇ ಕಷ್ಟ ಆಗಿರೋದು. ಬೀಗಿತ್ತಿ ಮೊದಲನೇ ಸಲ ನನ್ನ ಮನೆಗೆ ಬರ್ತಾಳೆ. ಅವಳ ಮಾತು ನಂಗೆ ಬರಲ್ಲ, ನನ್ನ ಮಾತು ಅವಳಿಗೆ ಬರಲ್ಲ. ಅಷ್ಟು ದೂರಕ್ಕೆ ಮಗಳನ್ನ ಕೊಟ್ಟಿರೋ ತಾಯಿ. ಅವಳ ಮುಂದೆ ಕೂತ್ಕೊಂಡು ನಾನು ಏನಂತ ಹೇಳ್ಲಿ?"

"ಹಣ್ಣು ಹೆಚ್ಚಿ ಕೊಡು."

"ಅದನ್ನೇ ಅಂದ್ಕೊಂಡೆ. ನಾನು ಬೆಳೆದ ಹಣ್ಣು ತಿಂದ್ರೆ ಅವಳಿಗೆ ಗೊತ್ತಾಗ್ಬೇಕು, ಮಗಳು ಒಳ್ಳೇ ಮನೇಲಿದಾಳೆ ಅಂತ. ಆದ್ರೆ ಹೋದ ವರ್ಷದ ಹಣ್ಣು ನೀನೂ ತಿಂದಿದ್ದೀಯಲ್ಲ! ಸೌತೆಕಾಯೇ ವಾಸಿ. ಅಂಥದ್ದನ್ನ ಬೀಗಿತ್ತಿ ಮುಂದೆ ಇಟ್ಟು ನನ್ನ ಮಾನ ಹೋಗೋದಾ?"

ಅವಳ ಕಣ್ಣು ತುಂಬಿತ್ತು. ಸತ್ಯವಾಗಿ ಹೇಳುತ್ತೇನೆ, ಗಂಡ ತೀರಿಕೊಂಡಾಗಲೂ ಜನರೆದುರು ಅಳದವಳು ಅವಳು. ಒಂದು ಲೋಟ ಬಾರ್ಲಿ ನೀರು ಕೊಟ್ಟು ಕಳಿಸಿದೆ.

ಅದಾಗಿ ನಾಲ್ಕು ದಿನಕ್ಕೆ ಥಾಮ್ ಓಡುತ್ತ ಬಂದಳು. ಕಾಲಲ್ಲಿ ಒಂದು ಚಪ್ಪಲಿ ಅವಳದು, ಇನ್ನೊಂದು ಅತ್ತೆಯದು.

"ಚಿಕ್ಕಮ್ಮ, ಬೇಗ ಬನ್ನಿ! ಅತ್ತೆ ಎಲೆ ಕೀಳ್ತಿದಾರೆ!"

"ಯಾವ ಎಲೆ?"

"ಚಾಮ್ವೆ ಎಲೆ. ಎಲ್ಲಾ! ಹಣ್ಣಿಗೆ ಬಿಸಿಲು ಬಿದ್ರೆ ಸಿಹಿಯಾಗುತ್ತೆ ಅಂತ!"

ಹೋಗಿ ನೋಡಿದರೆ ದೊಕ್ಸಿಮಕ್ಕ ಮೊದಲನೇ ಮನೆಯ ಬಾಗಿಲಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದಾಳೆ. ಪಕ್ಕದಲ್ಲಿ ಒಂದು ಬುಟ್ಟಿ ಎಲೆ. ನಿಂಬೆಗಾತ್ರದ ಎಳೆಗಾಯಿಗಳು ಬತ್ತಲೆ ನಿಂತಿವೆ. ನನಗೆ ಸಿಟ್ಟು ನೆತ್ತಿಗೇರಿತು.

"ಅಕ್ಕ, ಏನು ಮಾಡ್ತಿದ್ದೀಯ? ನಿಲ್ಸು!"

"ನಿಂಗೇನು ಗೊತ್ತು, ಮೈಕಲ್ಲಿ ಕೂಗೋದು ಬಿಟ್ರೆ? ಈ ಎಲೆಗಳು ಹಣ್ಣಿನ ಮೇಲೆ ಛತ್ರಿ ಹಿಡಿದು ಕೂತಿವೆ. ಬಿಸಿಲೆಲ್ಲ ಇವೇ ಕುಡಿದುಬಿಡ್ತವೆ. ಹಣ್ಣಿಗೆ ಏನು ಉಳಿಯುತ್ತೆ?"

ಥಾಮ್ ಮೆಲ್ಲಗೆ ಬಾಯಿಬಿಟ್ಟಳು. "ಅತ್ತೆ, ಹಣ್ಣು ತಾನಾಗಿ ಸಕ್ಕರೆ ಮಾಡ್ಕೊಳ್ಳಲ್ಲ. ಸಕ್ಕರೆ ಮಾಡೋದೇ ಎಲೆ. ಹಣ್ಣು ಬರೀ ಚೀಲ, ತುಂಬೋದು ಎಲೆ. ಎಲೆ ಕಿತ್ರೆ ಚೀಲ ಖಾಲಿ."

"ಇದನ್ನ ಯಾರು ಹೇಳಿದ್ರು?"

"ಕೃಷಿ ತರಬೇತಿ ಕೇಂದ್ರದಲ್ಲಿ. ಗುರುವಾರ ಗುರುವಾರ ಹೋಗ್ತೀನಲ್ಲ."

"ಓಹೋ! ಎಲ್ಲಾ ಕಲಿಸಿಬಿಟ್ಟಿದಾರೆ! ಹಾಗಾದ್ರೆ ಹೋದ ವರ್ಷ ಎಲೆ ಒಂದೂ ಕಿತ್ತಿರಲಿಲ್ಲವಲ್ಲ, ಹಣ್ಣು ಯಾಕೆ ಸಪ್ಪೆ ಆಯ್ತು? ಹೇಳು ಅದನ್ನ."

ಥಾಮ್ ನನ್ನ ಮುಖ ನೋಡಿದಳು, ಆಮೇಲೆ ಅತ್ತೆಯ ಕೊರಳು ನೋಡಿದಳು. ಆ ಕೊರಳಲ್ಲಿ ಕೆಂಪು ದಾರಕ್ಕೆ ಒಂದು ಪುಟ್ಟ ಬೀಗದ ಕೈ ನೇತಾಡುತ್ತಿತ್ತು.

ಆ ಬೀಗದ ಕೈ ವಿಷಯ ಹೇಳಲೇಬೇಕು. ಚಳಿ ಮುಗಿಯುವ ತನಕ ನಮ್ಮೂರಲ್ಲಿ ಸಂಜೆಯಾದರೆ ಬಳ್ಳಿಗಳಿಗೆ ಕಂಬಳಿ ಹೊದಿಸುತ್ತೇವೆ. ಪ್ಲಾಸ್ಟಿಕ್ ಮನೆಯೊಳಗೆ, ಕಮಾನಿನ ಮೇಲೆ, ಹತ್ತಿ ತುಂಬಿದ ದಪ್ಪ ಉದ್ದನೆಯ ಕಂಬಳಿ. ಬೆಳಿಗ್ಗೆ ಅದನ್ನು ಸುತ್ತಿಡಬೇಕು. ಮುಂಚೆ ಕೈಯಲ್ಲಿ ಸುತ್ತುತ್ತಿದ್ದೆವು, ಈಗ ಮೋಟಾರಿದೆ, ಗುಂಡಿ ಒತ್ತಿದರೆ ತಾನಾಗಿ ಸುತ್ತಿಕೊಳ್ಳುತ್ತದೆ. ದೊಕ್ಸಿಮಕ್ಕನ ಮೋಟಾರಿನ ಪೆಟ್ಟಿಗೆಗೆ ಬೀಗ ಇತ್ತು, ಬೀಗದ ಕೈ ಅವಳ ಕೊರಳಲ್ಲಿತ್ತು. ಊರೆಲ್ಲ ಎಂಟಕ್ಕೋ ಒಂಬತ್ತಕ್ಕೋ ಕಂಬಳಿ ಸುತ್ತಿದರೆ ಅವಳು ಹತ್ತೂವರೆಗೆ. ಚಳಿಗಾಳಿ ಎದ್ದ ದಿನ ಹನ್ನೊಂದಕ್ಕೆ.

"ಅತ್ತೆ, ಕಂಬಳಿ ತಡವಾಗಿ ತೆಗೀತೀವಲ್ಲ, ಅದಕ್ಕೇ ಸಪ್ಪೆ" ಅಂದಳು ಥಾಮ್.

ದೊಕ್ಸಿಮಕ್ಕ ಎದ್ದು ನಿಂತಳು. "ಚಳಿಯಲ್ಲಿ ಮಲಗಿರೋ ಕೂಸಿನ ಹೊದಿಕೆ ಎಳೀತಾರೇನೇ ಯಾರಾದ್ರೂ? ಬಿಸಿಲು ಚೆನ್ನಾಗಿ ಏರ್ಲಿ, ನೆಲ ಬೆಚ್ಚಗಾಗ್ಲಿ, ಆಮೇಲೆ ಏಳ್ತವೆ. ಬೆಳಗಿನ ಬಿಸಿಲು ಹೋದ್ರೆ ಹೋಗ್ಲಿ. ಮಧ್ಯಾಹ್ನ ಜೋರು ಬಿಸಿಲಿರುತ್ತಲ್ಲ, ಆಗ ಮಾಡ್ಕೊಳ್ಲಿ ಅದೇನು ಸಕ್ಕರೆ ಮಾಡ್ತವೋ!"

"ಮಧ್ಯಾಹ್ನ ಮಾಡಲ್ಲ ಅತ್ತೆ..."

"ಸುಮ್ನಿರು ನೀನು."

ಥಾಮ್ ಸುಮ್ಮನಾದಳು. ನಾನು ಸುಮ್ಮನಾಗುವ ಜಾತಿಯಲ್ಲ. ಅಕ್ಕನ ಕೈಯಿಂದ ಬುಟ್ಟಿ ಕಿತ್ತುಕೊಂಡೆ.

"ಅಕ್ಕ, ನಾಳೆ ಒಂದು ದಿನ ತಡೀ. ಊರಮನೇಲಿ ಎಲ್ಲರ ಮುಂದೆ ಥಾಮ್ ತೋರಿಸ್ತಾಳೆ. ಅವಳು ಹೇಳಿದ್ದು ಸುಳ್ಳಾದ್ರೆ ನಾನೇ ಬಂದು ನಿನ್ನ ಜೊತೆ ಎಲೆ ಕೀಳ್ತೀನಿ."

"ಒಂದೇ ದಿನ" ಅಂದಳು ಅವಳು. ಮುಖ ಊದಿಸಿಕೊಂಡು ಮನೆಗೆ ಹೋದಳು.

ಮಾರನೇ ದಿನ ಸೂರ್ಯ ಹುಟ್ಟುವ ಹೊತ್ತಿಗೆ ನಾನು, ಥಾಮ್ ಕಳ್ಳರ ಹಾಗೆ ನಾಲ್ಕನೇ ಮನೆಯೊಳಗೆ ಹೊಕ್ಕೆವು. ಕಾಲುವೆ ಪಕ್ಕದ ಮನೆ, ನಾಲ್ಕರಲ್ಲಿ ಅದೇ ಬಡಕಲು. ಮೋಟಾರಿಗೆ ಬೀಗ ಇದ್ದರೇನು, ನಮ್ಮ ಕೈ ಇತ್ತಲ್ಲ! ಮೂಲೆಯಲ್ಲಿ ಎರಡು ಮಾರು ಉದ್ದ ಕಂಬಳಿ ಮಡಚಿ ಇಟ್ಟೆವು. ಮೂರು ಬಳ್ಳಿಗಳು ಬೆಳಕಿಗೆ ಬಂದವು. ಉಳಿದವು ಕಂಬಳಿಯಡಿಯೇ ಇದ್ದವು.

ಥಾಮ್ ಅಡುಗೆಗೆ ಹೋದಳು. ನಾನು ಅಲ್ಲೇ ಒಂದು ಮಗುಚಿದ ಬುಟ್ಟಿಯ ಮೇಲೆ ಕೂತೆ. ಹೊರಗೆ ಹೊಳೆಯ ಮಂಜು. ಪ್ಲಾಸ್ಟಿಕ್ಕಿನ ಛಾವಣಿಯ ತುಂಬ ನೀರ ಹನಿ. ಬಿಸಿಲು ಬಂದು ತಾಗಿದಾಗ ಹನಿಗಳೆಲ್ಲ ಒಮ್ಮೆಗೇ ಬೆಳಗಿದವು. ಹಾಲಿನ ಪಾತ್ರೆಯೊಳಗೆ ಕೂತಂತೆ ಬಿಳಿ ಬೆಳಕು. ಮಣ್ಣಿನ ವಾಸನೆ, ಗೊಬ್ಬರದ ವಾಸನೆ, ಬೆಚ್ಚಗಿನ ಉಸಿರು. ನನಗೆ ಜೊಂಪು ಹತ್ತಿತು. ಹಿಂದಿನ ದಿನ ದಾರಿಯುದ್ದಕ್ಕೂ ಥಾಮ್ ಹೇಳಿದ್ದು ಕಿವಿಯಲ್ಲೇ ಇತ್ತು. ಅದು ಕನಸಿನಲ್ಲಿ ಬಂತೋ ನೆನಪಿನಲ್ಲಿ ಬಂತೋ ಈಗ ಹೇಳಲಾರೆ.

ಬೆಳಗಾಗುವ ಮೊದಲೇ ಎಲೆಗೆ ಎಚ್ಚರ. ಕೋಳಿಗೆ ಗೊತ್ತಾಗುವ ಹಾಗೆ ಅದಕ್ಕೂ ಹೊತ್ತು ಗೊತ್ತಾಗುತ್ತದೆ, ಅದರೊಳಗೇ ಒಂದು ಗಡಿಯಾರವಿದೆ. ಬೆಳಕು ಬರುವಷ್ಟರಲ್ಲಿ ಒಲೆ ಹೊತ್ತಿಸಿ, ಪಾತ್ರೆ ಇಟ್ಟು ಸಿದ್ಧವಾಗಿ ಕೂತಿರುತ್ತದೆ. ಬೆಳಕು ಬಿತ್ತೋ, ಎಲೆಯ ಕೆಳಗಿನ ಸಾವಿರಾರು ಪುಟ್ಟ ಬಾಯಿಗಳು ತೆರೆಯುತ್ತವೆ. ಬೇರಿನಿಂದ ನೀರು, ಬಾಯಿಂದ ಗಾಳಿ, ಮೇಲಿನಿಂದ ಬೆಳಕು. ಈ ಮೂರು ಸೇರಿ ಸಕ್ಕರೆ. ರಾತ್ರಿಯೆಲ್ಲ ಮಣ್ಣು, ಗೊಬ್ಬರ, ಬಳ್ಳಿ ಬಿಟ್ಟ ಉಸಿರು ಮುಚ್ಚಿದ ಮನೆಯೊಳಗೆ ತುಂಬಿರುತ್ತದಲ್ಲ, ಎಲೆಗೆ ಬೇಕಾದ ಗಾಳಿ ಅದೇ. ಅದಕ್ಕೇ ಬೆಳಗಿನ ಹೊತ್ತು ಎಲೆಯ ಕೆಲಸ ಭರದಿಂದ ಸಾಗುತ್ತದೆ. ದಿನದ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಧ್ಯಾಹ್ನದ ಊಟದೊಳಗೆ ಮುಗಿದಿರುತ್ತದೆ.

ಮಧ್ಯಾಹ್ನ ಬಿಸಿಲು ಸುಡುತ್ತದೆ. ನೀರು ಆರಿಹೋದೀತೆಂದು ಎಲೆ ಬಾಯಿ ಮುಚ್ಚುತ್ತದೆ. ಮಾಡಿಟ್ಟ ಸಕ್ಕರೆ ಹೊರಗೆ ಸಾಗದೆ ಒಳಗೇ ತುಂಬಿದ್ದರೆ ಒಲೆಯ ಉರಿಯನ್ನು ತಾನೇ ತಗ್ಗಿಸುತ್ತದೆ. ಯಾರೂ ಹೇಳಬೇಕಿಲ್ಲ. ಸ್ವಲ್ಪ ತೂಕಡಿಸುತ್ತದೆ, ನನ್ನ ಹಾಗೆ. ಸಂಜೆಯಾಗುತ್ತ ಬಂದಾಗ ದಂಟಿನ ದಾರಿಯಲ್ಲಿ ಹಣ್ಣಿಗೆ ಸಕ್ಕರೆ ಸಾಗಿಸುತ್ತಲೇ ಇರುತ್ತದೆ. ಒಂದು ಪಾಲನ್ನು ಮಾತ್ರ ಗಂಜಿಯ ಪುಡಿಯಾಗಿ, ಅಂದರೆ ಪಿಷ್ಟವಾಗಿ ಮಾಡಿ ತನ್ನಲ್ಲೇ ಬಚ್ಚಿಡುತ್ತದೆ. ಅದು ಕತ್ತಲೆಗೆ. ಕತ್ತಲಲ್ಲಿ ಆ ಪುಡಿಯನ್ನು ಚೂರುಚೂರೇ ಕರಗಿಸಿ ಬಳ್ಳಿಗೆಲ್ಲ ಉಣಿಸುತ್ತದೆ. ಬೆಳಕು ಬರುವ ಹೊತ್ತಿಗೆ ಸರಿಯಾಗಿ ಬುತ್ತಿ ಖಾಲಿ, ಅಷ್ಟು ನಾಜೂಕು. ಆದರೆ ಹಗಲು ಗಿಡ್ಡ ಎಂದು ಕಂಡರೆ ಎಲೆ ಹೆದರುತ್ತದೆ. ಮಾಡಿದ್ದರಲ್ಲಿ ದೊಡ್ಡ ಪಾಲು ರಾತ್ರಿಗೆಂದು ಬಚ್ಚಿಡುತ್ತದೆ. ಹಣ್ಣಿಗೆ ಉಳಿಯುವುದು ನೀರು.

ದೊಕ್ಸಿಮಕ್ಕನ ಎಲೆಗಳಿಗೆ ಹಗಲು ಶುರುವಾಗುತ್ತಿದ್ದದ್ದೇ ಹತ್ತೂವರೆಗೆ.

ಹತ್ತಕ್ಕೆ ಥಾಮ್ ಬಂದು ನನ್ನನ್ನು ಅಲುಗಿಸಿದಳು. ಬೆಳಕಿನಲ್ಲಿದ್ದ ಬಳ್ಳಿಯಿಂದ ಒಂದು ಎಲೆ, ಕಂಬಳಿಯಡಿಯಿಂದ ಒಂದು ಎಲೆ ಚಿವುಟಿಕೊಂಡು, ಊರಿನವರೆಲ್ಲ ಸೇರುವ ಊರಮನೆಗೆ ಹೋದೆವು. ಮುದುಕಿಯರು ಹೂವಿನ ಚಿತ್ರದ ಇಸ್ಪೀಟು ಆಡುತ್ತಿದ್ದರು. ಎಲೆ ಕಂಡು ಒಬ್ಬಳು "ಏನು, ಸೊಪ್ಪಿನ ಸಾರಾ?" ಅಂದಳು. ದೊಕ್ಸಿಮಕ್ಕ ಗೋಡೆಗೆ ಒರಗಿ ಕೂತಿದ್ದಳು, ಸೊಸೆಯ ಕಡೆ ನೋಡಲಿಲ್ಲ.

ಥಾಮ್ ಕಂಬಳಿಯಡಿಯ ಎಲೆಯ ದಂಟಿಗೆ ಬಿಳಿ ದಾರ ಕಟ್ಟಿದಳು, ಬೆಳಕಿನ ಎಲೆಗೆ ಕೆಂಪು ದಾರ. ಎರಡನ್ನೂ ಕುದಿಯುವ ನೀರಲ್ಲಿ ಅದ್ದಿದಳು. ಒಲೆ ಆರಿಸಿದಳು. ಸ್ಪಿರಿಟ್ಟಿಗೆ ಬೆಂಕಿ ತಾಗಬಾರದೆಂದು ಎರಡು ಸಲ ಹೇಳಿದಳು, ನಾನು ನಾಲ್ಕು ಸಲ ಕೂಗಿದೆ. ಸ್ಪಿರಿಟ್ ತುಂಬಿದ ಗಾಜಿನ ಲೋಟವನ್ನು ಬಿಸಿನೀರಿನ ಬೋಗುಣಿಯಲ್ಲಿ ನಿಲ್ಲಿಸಿ ಎಲೆಗಳನ್ನು ಅದರೊಳಗೆ ಬಿಟ್ಟಳು. ಹಸಿರೆಲ್ಲ ಸ್ಪಿರಿಟ್ಟಿಗೆ ಇಳಿದು ಎಲೆಗಳು ಹಳೇ ಕಾಗದದಂತೆ ಬಿಳಚಿಕೊಂಡವು. ತೊಳೆದು ತಟ್ಟೆಯ ಮೇಲೆ ಹರಡಿದಳು. ಗಾಯಕ್ಕೆ ಹಚ್ಚುವ ಅಯೋಡಿನ್ ತೆಗೆದುಕೊಂಡು ಎರಡರ ಮೇಲೂ ಹನಿ ಹನಿ ಬಿಟ್ಟಳು.

"ಗಂಜಿ ಇದ್ದ ಕಡೆ ಇದು ಕಪ್ಪು ನೀಲಿ ಆಗುತ್ತೆ" ಅಂದಳು.

ಬಿಳಿ ದಾರದ ಎಲೆ ಹಾಗೇ ಇತ್ತು, ಕಂದು ನೀರು ಬಿದ್ದಂತೆ ಅಷ್ಟೇ. ಕೆಂಪು ದಾರದ ಎಲೆಯಲ್ಲಿ ಮೊದಲು ಒಂದು ಮೋಡ ಬಂತು. ಆ ಮೋಡ ನರನರದ ಪಕ್ಕ ಹಬ್ಬಿ, ಇಡೀ ಎಲೆ ಮಳೆಗಾಲದ ಆಕಾಶದ ಹಾಗೆ ಕಪ್ಪಿಟ್ಟಿತು. ಇಸ್ಪೀಟು ಆಡುತ್ತಿದ್ದವರು ಇಸ್ಪೀಟು ಬಿಟ್ಟರು.

"ಅಮ್ಮಮ್ಮಾ!" ಅಂದಳು ಸೊಪ್ಪಿನ ಸಾರಿನವಳು. "ಎರಡೂ ಒಂದೇ ಮನೆಯ ಎಲೆಯಾ?"

"ಒಂದೇ ಮನೆ" ಅಂದಳು ಥಾಮ್. "ಕೆಂಪು ದಾರದ್ದು ಏಳು ಗಂಟೆಯಿಂದ ಕೆಲಸ ಮಾಡಿ ಇಷ್ಟು ಕೂಡಿಟ್ಟಿದೆ. ಬಿಳಿ ದಾರದ್ದರ ಹತ್ರ ರಾತ್ರಿ ಬುತ್ತಿನೂ ಮುಗಿದಿದೆ, ಹೊಸದೂ ಇಲ್ಲ. ಇದು ಖಾಲಿ ಹೊಟ್ಟೇಲಿ ಬಿದ್ಕೊಂಡಿದೆ."

ಎಲ್ಲರೂ ದೊಕ್ಸಿಮಕ್ಕನನ್ನು ನೋಡಿದರು. ಅವಳು ಬಗ್ಗಲಿಲ್ಲ.

"ಬಣ್ಣ ತೋರಿಸಿದ್ರೆ ಹಣ್ಣು ಸಿಹಿ ಆಗುತ್ತೇನು? ಚಳಿ ಅಂದ್ರೆ ಏನು ಅಂತ ನಂಗೊತ್ತು. ಏ ಥಾಮ್, ನೀನು ಬಂದ ಮೊದಲನೇ ಚಳಿಗಾಲ ನೆನಪಿದೆಯಾ? ಹಲ್ಲು ಕಟಕಟ ಅಂತಿತ್ತು, ತುಟಿ ನೀಲಿಯಾಗಿತ್ತು. ನಾನು ನಿನ್ನ ಒಂದು ದಿನವಾದ್ರೂ ಬೇಗ ಎಬ್ಬಿಸಿದ್ನಾ? ಎರಡು ಕಂಬಳಿ ಹೊದಿಸಿ, ಬಿಸಿಲು ಏರೋ ತನಕ ಮಲಗು ಅಂತ ಬಾಗಿಲು ಮುಚ್ಕೊಂಡು ಹೋಗ್ತಿದ್ದೆ. ಅವತ್ತು ನಿನ್ನ ಉಳಿಸಿದ್ದು ಅದೇ. ಬಳ್ಳಿಗೂ ಅಷ್ಟೇ!"

ಥಾಮ್ ತಟ್ಟೆಯ ಅಂಚನ್ನೇ ನೋಡುತ್ತಿದ್ದಳು.

"ಅತ್ತೆ, ನಾನು ಮಲಗಿರ್ತಿರಲಿಲ್ಲ."

"ಏನು?"

"ನಮ್ಮೂರಲ್ಲಿ ನಾಲ್ಕು ಗಂಟೆಗೇ ಏಳ್ತಿದ್ವಿ. ಇಲ್ಲೂ ನಾಲ್ಕಕ್ಕೇ ಎಚ್ಚರ ಆಗ್ತಿತ್ತು. ನೀವು ಅಡುಗೆಮನೇಲಿ ಅಕ್ಕಿ ತೊಳೆಯೋ ಸದ್ದು ಕೇಳ್ತಿತ್ತು. ಎದ್ದು ಬಂದು ನಾನೂ ಮಾಡ್ಬೇಕು ಅಂತ ಅನಿಸ್ತಿತ್ತು. ಆದ್ರೆ ನೀವು ಮಲಗು ಅಂದಿದ್ರಿ, ಇಲ್ಲಿ ಹೀಗೇ ಅಂದ್ಕೊಂಡೆ. ಮಾತು ಬರ್ತಿರಲಿಲ್ಲ ನಂಗೆ. ಕಂಬಳಿಯೊಳಗೆ ಕಣ್ಣು ಬಿಟ್ಕೊಂಡು, 'ಏಳು' ಅಂತೀರೇನೋ ಅಂತ ದಿನಾ ಕಾಯ್ತಿದ್ದೆ."

ಆಮೇಲೆ ತಲೆಯೆತ್ತಿ ಅತ್ತೆಯನ್ನು ನೋಡಿದಳು. "ಚಳಿಗಿಂತ ಅದೇ ಕಷ್ಟ ಆಗಿತ್ತು ಅತ್ತೆ."

ದೊಕ್ಸಿಮಕ್ಕ ತಟ್ಟೆಯ ಹತ್ತಿರ ಬಂದು, ಬಿಳಿ ದಾರದ ಎಲೆಯನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ತನ್ನ ಕೋಲು ತೆಗೆದುಕೊಂಡು ಹೊರಟೇಹೋದಳು. ಎಲ್ಲರ ಮುಂದೆ ಹೀಗೆ ಮಾಡಬಾರದಿತ್ತೇನೋ ಎಂದು ಆ ದಿನವೆಲ್ಲ ಒದ್ದಾಡಿದೆ.

ಮಾರನೇ ಬೆಳಿಗ್ಗೆ ಮೈಕು ಹಚ್ಚಲು ಹೋಗುತ್ತಿದ್ದೆ. ಮಂಜಿನೊಳಗಿಂದ ಮೋಟಾರಿನ ಗುರುಗುರು ಕೇಳಿತು. ಓಡಿಹೋಗಿ ನೋಡಿದೆ. ನಾಲ್ಕನೇ ಮನೆ. ದೊಕ್ಸಿಮಕ್ಕ ಪೆಟ್ಟಿಗೆಯ ಮುಂದೆ ನಿಂತಿದ್ದಾಳೆ, ಪಕ್ಕದಲ್ಲಿ ಥಾಮ್, ಕೂದಲೂ ಬಾಚಿಲ್ಲ.

"ಒಂದೇ ಮನೆ" ಅಂದಳು ನನ್ನನ್ನು ಕಂಡೊಡನೆ. "ಸತ್ರೆ ಇದೊಂದೇ ಸಾಯ್ಲಿ. ಹೇಗೂ ಬಡಕಲು. ಹಲ್ಲು ಕಿರೀಬೇಡ."

"ನಾನೆಲ್ಲಿ ಕಿರಿದೆ?"

"ಒಳಗೊಳಗೇ ಕಿರೀತಿದ್ದೀಯ."

ಎಲೆ ಕೀಳುವುದು ಮಾತ್ರ ಎಲ್ಲ ಮನೆಗಳಲ್ಲೂ ನಿಂತಿತು. ಅದೇ ದೊಡ್ಡದು.

ಒಂಬತ್ತು ದಿನ ಚೆನ್ನಾಗಿ ನಡೆಯಿತು. ಹತ್ತನೇ ದಿನ ಗಾಳಿ ತಿರುಗಿತು. ಬೆಳಿಗ್ಗೆ ಕಾಲುವೆಯ ನೀರು ಗಾಜಾಗಿತ್ತು. ದೊಕ್ಸಿಮಕ್ಕ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತಳು. "ಇವತ್ತು ಯಾರು ಗುಂಡಿ ಮುಟ್ತೀರೋ ನೋಡ್ತೀನಿ!"

ಥಾಮ್ ವಾದಿಸಲಿಲ್ಲ. ಕಂಬಳಿಯಡಿ ಕೈ ಹಾಕಿ ಉಷ್ಣಮಾಪಕ ಹೊರತೆಗೆದಳು. "ಅತ್ತೆ ಹೇಳೋದು ಸರಿ. ಇವತ್ತು ಈಗಲೇ ತೆಗೆದ್ರೆ ಎಲೆ ಚಳಿಗೆ ಸುಟ್ಟುಹೋಗುತ್ತೆ. ಬಿಸಿಲು ಛಾವಣಿಗೆ ಬೀಳ್ಲಿ, ಹೊರಗಿನ ಪ್ಲಾಸ್ಟಿಕ್ ಮುಚ್ಚೇ ಇರ್ಲಿ, ಮನೆಯೊಳಗಿನ ಗಾಳಿ ಬೆಚ್ಚಗಾದ ತಕ್ಷಣ ತೆಗೆಯೋಣ. ಅರ್ಧ ಗಂಟೆ."

"ಅರ್ಧ ಗಂಟೆ ಸಾಕಾ?"

"ಗಡಿಯಾರ ನೋಡೋದು ಬೇಡ. ಇದನ್ನ ನೋಡೋಣ" ಎಂದು ಉಷ್ಣಮಾಪಕವನ್ನು ಅತ್ತೆಯ ಕೈಗೆ ಕೊಟ್ಟಳು.

ಇಬ್ಬರೂ ಬುಟ್ಟಿಗಳ ಮೇಲೆ ಕೂತರು. ನಾನು ಮೈಕಿನ ಕೆಲಸ ಮರೆತು ನಿಂತಿದ್ದೆ. ಹನಿಗಳು ಒಂದೊಂದಾಗಿ ಬೆಳಗತೊಡಗಿದವು. ದೊಕ್ಸಿಮಕ್ಕ ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ, ಕೆಂಪು ಗೆರೆ ಏರುವುದನ್ನೇ ನೋಡುತ್ತಿದ್ದಳು. "ಏರ್ತು ಕಣೇ... ಇನ್ನೊಂದು ಡಿಗ್ರಿ ಏರ್ತು... ಒತ್ತು, ಒತ್ತು!" ಅಂದಳು. ಆವತ್ತಿನಿಂದ ಉಷ್ಣಮಾಪಕ ಅವಳ ಜೇಬು ಸೇರಿತು.

ಮಾರ್ಚ್ ಕೊನೆಯಲ್ಲಿ ಹಣ್ಣುಗಳು ಬಣ್ಣ ತಿರುಗಿದವು. ನಾಲ್ಕೂ ಮನೆಯ ಹಣ್ಣು ಒಂದೇ ಹಳದಿ. ಹೊರಗಿನಿಂದ ನೋಡಿದರೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಕೊಯ್ಲಿನ ದಿನ ಒಂದು ಟಬ್ ನೀರು ತುಂಬಿಟ್ಟೆವು. ಒಳಗೆ ನೀರು ಕಟ್ಟಿದ ಹಣ್ಣು ಮುಳುಗುತ್ತದೆ, ಒಳ್ಳೇ ಹಣ್ಣು ಬೆನ್ನು ತೋರಿಸಿ ತೇಲುತ್ತದೆ, ಇದು ನಮ್ಮೂರಲ್ಲಿ ಕೂಸಿಗೂ ಗೊತ್ತು. ಮೊದಲನೇ ಮನೆಯ ಐದು ಹಣ್ಣು ಬಿಟ್ಟೆವು. ಮೂರು ಮುಳುಗಿದವು. ನಾಲ್ಕನೇ ಮನೆಯ ಐದು ಬಿಟ್ಟೆವು. ಐದೂ ತೇಲಿ, ಒಂದನ್ನೊಂದು ಮೆಲ್ಲಗೆ ತಾಕುತ್ತ ತಿರುಗಿದವು.

ದೊಕ್ಸಿಮಕ್ಕ ಒಂದನ್ನು ಎತ್ತಿ, ಏಪ್ರನ್ನಿಗೇ ಒರೆಸಿ, ಚಾಕುವಿನಿಂದ ಸೀಳಿ, ಬೀಜದ ಸಮೇತ ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ಮತ್ತೆ ಅಗಿದಳು.

"ಹೇಗಿದೆ?" ಅಂದೆ ನಾನು, ತಡೆಯಲಾಗದೆ.

ಅವಳು ಇನ್ನೊಂದು ಹೋಳು ಕತ್ತರಿಸಿ ಥಾಮ್‌ಳ ಬಾಯಿಗೆ ತಾನೇ ಇಟ್ಟಳು. ಆಮೇಲೆ ಕೊರಳಿನ ಕೆಂಪು ದಾರವನ್ನು ಹಲ್ಲಿನಿಂದ ಕಡಿದು, ಬೀಗದ ಕೈಯನ್ನು ಪಕ್ಕದಲ್ಲಿದ್ದ ಒಂದು ಮಣ್ಣಿನ ಗಡಿಗೆಯೊಳಗೆ ಎಸೆದಳು.

"ಎಲ್ಲ ಮನೆಗೂ" ಅಂದಳು. "ನಾಳೆಯಿಂದ. ಮೂರು ಮನೆಯವು ಪಾಪ, ಎಷ್ಟು ದಿನದಿಂದ ಕಾಯ್ತಿದ್ವೋ."

ಅತ್ತದ್ದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಗಟ್ಟಿಯಾಗಿ ಅತ್ತುಬಿಟ್ಟೆ. ದೊಕ್ಸಿಮಕ್ಕ "ಇವಳ ಗಂಟಲಿಗೆ ಮೈಕೇ ಬೇಡ" ಅಂದಳು.

ಏಪ್ರಿಲ್ ಮೊದಲ ವಾರ ಬೀಗಿತ್ತಿ ಬಂದರು. ಸಣ್ಣ ಆಳು, ಬಿಸಿಲಿಗೆ ಕಂದಿದ ಮುಖ, ಕೈಯಲ್ಲಿ ತೆಂಗಿನ ಮಿಠಾಯಿಯ ದೊಡ್ಡ ಪೊಟ್ಟಣ. ಇಬ್ಬರು ತಾಯಂದಿರೂ ಒಬ್ಬರಿಗೊಬ್ಬರು ಬಗ್ಗಿ ಬಗ್ಗಿ ನಮಸ್ಕಾರ ಮಾಡಿ, ಎದುರುಬದುರು ಕೂತರು. ದೊಕ್ಸಿಮಕ್ಕ ಹಣ್ಣು ಹೆಚ್ಚಿ, ತಟ್ಟೆ ಮುಂದಿಟ್ಟಳು.

ಬೀಗಿತ್ತಿ ಒಂದು ಹೋಳು ತಿಂದರು. ಎರಡನೆಯದು ತಿಂದರು. ಮೂರನೆಯದಕ್ಕೆ ತಟ್ಟೆಯನ್ನೇ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಏನೋ ಹೇಳಿದರು.

"ಏನಂದ್ಲು? ಏನಂದ್ಲೇ?" ದೊಕ್ಸಿಮಕ್ಕ ಥಾಮ್‌ಳ ತೋಳು ಹಿಡಿದು ಅಲುಗಾಡಿಸಿದಳು.

"ಇಷ್ಟು ಚಳಿ ಊರಲ್ಲಿ ಇಷ್ಟು ಸಿಹಿ ಹೇಗೆ ಬಂತು ಅಂತ ಕೇಳ್ತಿದಾರೆ."

ದೊಕ್ಸಿಮಕ್ಕ ಇನ್ನೊಂದು ಹಣ್ಣು ಎತ್ತಿಕೊಂಡು ಹೆಚ್ಚತೊಡಗಿದಳು. "ನಾಳೆ ಬೆಳಿಗ್ಗೆ ತೋರಿಸ್ತೀನಿ ಅಂತ ಹೇಳು" ಅಂದಳು.

ಮಾರನೇ ಬೆಳಿಗ್ಗೆ ಕಂಡದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮಂಜಿನಲ್ಲಿ ಇಬ್ಬರು ಮುದುಕಿಯರು ನಡೆದು ಬರುತ್ತಿದ್ದಾರೆ. ದೊಕ್ಸಿಮಕ್ಕ ಬೀಗಿತ್ತಿಯ ಮಣಿಕಟ್ಟು ಹಿಡಿದಿದ್ದಾಳೆ. ಇಬ್ಬರೂ ಮೊದಲನೇ ಮನೆಯೊಳಗೆ ಹೋದರು. ದೊಕ್ಸಿಮಕ್ಕ ಜೇಬಿನಿಂದ ಉಷ್ಣಮಾಪಕ ತೆಗೆದು ತೋರಿಸಿದಳು. ಛಾವಣಿಯ ಹನಿಗಳಿಗೆ ಬಿಸಿಲು ತಾಗಿತು. ಅವಳು ಬೀಗಿತ್ತಿಯ ಬೆರಳನ್ನು ಹಿಡಿದು ಗುಂಡಿಯ ಮೇಲಿಟ್ಟು ಒತ್ತಿದಳು. ಕಂಬಳಿ ಮೆಲ್ಲಗೆ ಸುತ್ತಿಕೊಳ್ಳುತ್ತ ಹೋಯಿತು. ಅದರ ಹಿಂದೆಯೇ ಸಾಲು ಸಾಲು ಎಲೆಗಳು, ಒದ್ದೆ ಮುಖ ಎತ್ತಿಕೊಂಡು, ಬೆಳಕಿಗೆ ಬಂದವು. ಬೀಗಿತ್ತಿ ಎಲೆಗಳನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿದರು, ದೊಕ್ಸಿಮಕ್ಕನ ಕೈಯನ್ನು ಬಿಡಲೇ ಇಲ್ಲ.

ಈಗ ನಿಮಗೆ ಹೇಳುತ್ತೇನೆ, ಕೇಳಿಸಿಕೊಳ್ಳಿ. ಹೊಳೆಯಾಚೆಯವರೂ ಕೇಳಿಸಿಕೊಳ್ಳಿ. ಹಣ್ಣು ಸಿಹಿಯಾಗಲಿ ಎಂದು ಎಲೆ ಕೀಳಬೇಡಿ, ಸಿಹಿ ಮಾಡುವುದೇ ಅದು. ಬೆಳಗಿನ ಬೆಳಕನ್ನು ಕಂಬಳಿಯಡಿ ಹಾಳುಮಾಡಬೇಡಿ, ಮಧ್ಯಾಹ್ನದ ಬಿಸಿಲು ಅದನ್ನು ತುಂಬಿಕೊಡುವುದಿಲ್ಲ. ಹಾಗೆಂದು ಹಿಮ ಬಿದ್ದ ಬೆಳಿಗ್ಗೆ ಕಣ್ಣು ಮುಚ್ಚಿಕೊಂಡು ಎಳೆದುಹಾಕಲೂ ಬೇಡಿ. ಪ್ರತಿ ಮನೆಗೆ ಒಂದು ಉಷ್ಣಮಾಪಕ ಇಡಿ, ಅದನ್ನು ನೋಡಿ, ಆಮೇಲೆ ಗುಂಡಿ ಒತ್ತಿ. ಅನುಮಾನವಿದ್ದರೆ ಎರಡು ಎಲೆ ತೆಗೆದುಕೊಂಡು ಊರಮನೆಗೆ ಬನ್ನಿ. ಥಾಮ್ ತೋರಿಸುತ್ತಾಳೆ, ಬೆಂಕಿ ಹತ್ತಿರ ಬರದಂತೆ ನಾನು ಕೂಗುತ್ತೇನೆ. ಇನ್ನೊಂದು ಮಾತು. ನಿಮ್ಮ ಮನೆಯಲ್ಲೂ ಪ್ರೀತಿಯಿಂದ ಯಾರನ್ನೋ ಮಲಗು ಮಲಗು ಎಂದು ಹೊದಿಸಿಟ್ಟಿರಬಹುದು. ಒಮ್ಮೆ ಕೇಳಿ ನೋಡಿ, ನಿದ್ದೆ ಬಂದಿದೆಯಾ ಎಂದು.

ಸರಿ, ಮೈಕು ಆರಿಸುತ್ತೇನೆ. ಬಿಸಿಲು ಛಾವಣಿಗೆ ತಾಗಿತು. ಹೋಗಿ, ಕಂಬಳಿ ಸುತ್ತಿ. ಒಳಗಿರುವವರು ಆಗಲೇ ಎದ್ದು ನಿಮ್ಮನ್ನು ಕಾಯುತ್ತಿದ್ದಾರೆ.